ಅಪ್ಪನ ದನಿಗೆ ಬೂಷ್ಟು ಹಿಡಿದಿದೆ

ಪ್ರಶ್ನೆ: ಅಪ್ಪ 1980ರ ದಶಕದಲ್ಲಿ ದುಬೈಯಿಂದ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಅಮ್ಮನಿಗೆ ಕಳಿಸುತ್ತಿದ್ದರು. ಈಗ ಅವರಿಲ್ಲ. ಅಮ್ಮನಿಗೆ ಒಮ್ಮೆ ಆ ದನಿ ಕೇಳಬೇಕಂತೆ. ರೀಲಿನ ಮೇಲೆ ಬಿಳಿ ಪುಡಿ ಕೂತಿದೆ, ಒಂದು ಕ್ಯಾಸೆಟ್ಟಿನ ಸ್ಪಂಜು ಉದುರಿದೆ. ಹಾಕಿ ನೋಡಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಈಗಲೇ ಹಾಕಬೇಡಿ. ಆ ಪುಡಿ ಬೂಷ್ಟು. ಕರಾವಳಿಯ ತೇವಕ್ಕೆ ಬಂದೇ ಬರುತ್ತದೆ. ಸುತ್ತುಗಳು ಒಂದಕ್ಕೊಂದು ಅಂಟಿರುವುದರಿಂದ ಮೋಟಾರು ಎಳೆದರೆ ಟೇಪು ತುಂಡಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ವಾರ ಇಡಿ. ಬಿಸಿಲು, ಹೇರ್ ಡ್ರೈಯರ್ ಬೇಡ, ಟೇಪು ಸೊಟ್ಟಗಾಗುತ್ತದೆ. ಆಮೇಲೆ ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಕೂತು, ಪೆನ್ಸಿಲ್ ಸಿಕ್ಕಿಸಿ ಕೈಯಲ್ಲೇ ಕೊನೆತನಕ ಸುತ್ತಿ. ಬಿಗಿ ಬಂದಲ್ಲಿ ಜಗ್ಗದೆ ಸ್ವಲ್ಪ ಹಿಂದಕ್ಕೆ ತಿರುಗಿಸಿ.

ಸ್ಪಂಜು ಟೇಪನ್ನು ಪ್ಲೇಯರಿನ ಹೆಡ್ಡಿಗೆ, ಅಂದರೆ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುತ್ತದೆ. ಅದಿಲ್ಲದಿದ್ದರೆ ದನಿ ಕಂಬಳಿಯೊಳಗಿಂದ ಬಂದಂತಿರುತ್ತದೆ. ಐದು ಸ್ಕ್ರೂಗಳ ಖಾಲಿ ಕ್ಯಾಸೆಟ್ ತೆರೆದು, ನಿಮ್ಮ ಎರಡೂ ರೀಲುಗಳನ್ನು ಅದಕ್ಕೆ ವರ್ಗಾಯಿಸಿ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೊ ತೆಗೆದಿಡಿ. ಬೆನ್ನಿನ ಎರಡು ಮೂಲೆಗಳ ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ದನಿ ಅಳಿಯದು.

ಪ್ಲೇಯರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಬೂಷ್ಟಿನ ಟೇಪಾದ್ದರಿಂದ ಪ್ರತಿ ಬದಿ ಮುಗಿದ ಮೇಲೂ ಒರೆಸಬೇಕು. ಹೆಡ್‌ಫೋನ್ ತೂತಿನಿಂದ ಲೈನ್-ಇನ್ (ಪ್ಲೇಯರಿನಂಥ ಸಾಧನದ ದನಿ ಒಳತರುವ ತೂತು) ಇರುವ ಯುಎಸ್‌ಬಿ ಆಡಿಯೊ ಅಡಾಪ್ಟರಿಗೆ ವೈರ್ ಕೊಟ್ಟು, ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ತುಂಬಿಸಿಕೊಳ್ಳಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಕೊಟ್ಟರೆ ದನಿ ಒಡೆಯುತ್ತದೆ. ಅದರ ಮೀಟರಿನಲ್ಲಿ ಏರುದನಿ ಮೈನಸ್ 6 ಡೆಸಿಬೆಲ್ ಮೀರದಿರಲಿ. ಸಿ-60 ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ. ಅಷ್ಟನ್ನು ಸಿಡಿ ಗುಣಮಟ್ಟದ ವೇವ್ (ದನಿಯನ್ನು ಕುಗ್ಗಿಸದೆ ಇಡುವ) ಫೈಲಾಗಿಸಲು ಸುಮಾರು 300 ಎಂಬಿ ಬೇಕು. ಅದನ್ನು ಮುಟ್ಟದೆ ಎರಡು ಕಡೆ ಕಾಪಿ ಮಾಡಿಡಿ.

ಅಪ್ಪನ ದನಿ ಕೀಚಲಾಗಿ, ಅವಸರದಲ್ಲಿ ಕೇಳಿದರೆ ಗಾಬರಿ ಬೇಡ. ಸೆಲ್ ಇಳಿದಾಗ ರೆಕಾರ್ಡರ್ ನಿಧಾನ ಓಡಿರುತ್ತದೆ, ಈಗಿನ ಸರಿಯಾದ ವೇಗಕ್ಕೆ ಅದು ಹಾಗೆ ಕೇಳುತ್ತದೆ. ಕಾಪಿಯಲ್ಲಿ ವೇಗ ಇಳಿಸಿ. ಗದ್ದಲ ತೆಗೆಯುವ ಸೌಲಭ್ಯವನ್ನು ಹಿತಮಿತವಾಗಿ ಬಳಸಿ, ಅತಿಯಾದರೆ ನೀರೊಳಗೆ ಮಾತಾಡಿದಂತಾಗುತ್ತದೆ. ಫ್ಯಾನಿನ ಸದ್ದು, ರೂಮಿನವರ ಕೆಮ್ಮು ಇದ್ದರೆ ಇರಲಿ. ಅಮ್ಮನಿಗೆ ಅದೂ ಬೇಕಾದೀತು.

ಇನ್ನೊಂದು ಮಾತು. ಇವು ಗಂಡ ಹೆಂಡತಿಗೆ ಬರೆದ ಕಾಗದದಂಥವು. ತುಂಬಿಸಿಕೊಳ್ಳುವಾಗ ಸೌಂಡ್ ಇಳಿಸಿ, ಮೀಟರಿನ ಪಟ್ಟಿ ಮಾತ್ರ ನೋಡುತ್ತಿರಿ. ಮೊದಲು ಅಮ್ಮ ಒಬ್ಬರೇ ಕೇಳಲಿ. ಮನೆಯವರ ವಾಟ್ಸಾಪ್ ಗ್ರೂಪಿಗೆ ಯಾವುದು ಹೋಗಬೇಕೆಂದು ಅವರೇ ಹೇಳುತ್ತಾರೆ.