ಅಜ್ಜನ ಕುಟುಂಬದ ಪಾಲುಪಟ್ಟಿಯಲ್ಲಿ ನಮ್ಮ ಹೆಸರೇಕಿಲ್ಲ?

ಪ್ರಶ್ನೆ: ನಮ್ಮ ತಂದೆಯ ತಂದೆ ಕಾರ್ಕಳದ ಕಡೆಯ ಒಂದು ಬಂಟ ಕುಟುಂಬದ ಯಜಮಾನರಾಗಿದ್ದರು. ಗದ್ದೆ, ತೋಟ, ಚಾವಡಿ ಮನೆ ಎಲ್ಲವೂ ಅವರ ಹೆಸರಿನಲ್ಲೇ ಇತ್ತು. ತಂದೆ ಚಿಕ್ಕ ವಯಸ್ಸಿನಲ್ಲೇ ಮುಂಬೈಗೆ ಬಂದು ಫೋರ್ಟಿನ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. 1950ರ ದಶಕದಲ್ಲಿ ಊರಿನಲ್ಲಿ ಪಾಲಾದಾಗ ಅಜ್ಜನ ಮಕ್ಕಳಿಗೆ ಒಂದು ಸೆಂಟ್ಸ್ ಜಾಗವೂ ಬರಲಿಲ್ಲ. ಎಲ್ಲ ಅಜ್ಜನ ಅಕ್ಕತಂಗಿಯರ ಮಕ್ಕಳಿಗೆ ಹೋಯಿತು. ಇದು ಮೋಸ ಅಲ್ವಾ? ಈಗ ಕೇಸು ಹಾಕಬಹುದಾ?
– ಓದುಗರು, ಡೊಂಬಿವಲಿ

ಉತ್ತರ: ನೀವು ಬರೆದಷ್ಟನ್ನು ನೋಡಿದರೆ ಮೋಸ ಕಾಣುವುದಿಲ್ಲ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ಕುಟುಂಬ, ಆಸ್ತಿ ಲೆಕ್ಕ ಹಾಕುವ ತುಳುನಾಡಿನ ಪದ್ಧತಿಯ) ಪ್ರಕಾರ ನಿಮ್ಮ ತಂದೆ ಅವರ ತಂದೆಯ ಕುಟುಂಬದವರೇ ಅಲ್ಲ, ತಾಯಿಯ ಕುಟುಂಬದವರು. ಹಾಗಾಗಿ ಅವರ ಪಾಲು ಹುಡುಕಬೇಕಾದದ್ದು ನಿಮ್ಮ ಅಜ್ಜಿಯ ಕುಟುಂಬದ ಪಾಲುಪಟ್ಟಿಯಲ್ಲಿ. ಅದನ್ನು ಯಾರಾದರೂ ತೆಗೆದು ನೋಡಿದ್ದೀರಾ? ಮುಂಬೈಯ ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜನ ಚಾವಡಿಯ ಮೇಲಿನ ಸಿಟ್ಟು ಮಾತ್ರ ಉಳಿದಿದೆ, ಅಜ್ಜಿಯ ಮನೆಯ ಕಾಗದ ಯಾರಿಗೂ ನೆನಪಿಲ್ಲ. ನನಗೆ ಬೇಸರವಾಗುವುದು ಇದೇ ವಿಷಯಕ್ಕೆ.

ಬಂಟರು, ಬಿಲ್ಲವರು, ಮೊಗವೀರರು ಮತ್ತು ಕೆಲವು ಜೈನ ಮನೆತನಗಳು ನಡೆಸಿಕೊಂಡು ಬಂದದ್ದು ಅಳಿಯಕಟ್ಟು. ಬ್ರಾಹ್ಮಣರದ್ದು ಮಕ್ಕಳಕಟ್ಟು, ಅಂದರೆ ಅಪ್ಪನಿಂದ ಮಕ್ಕಳಿಗೆ. ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲೇ ಹರಿಯುತ್ತದೆ. ಯಜಮಾನ ಎಂದರೆ ನೋಡಿಕೊಳ್ಳುವವನು, ಒಡೆಯನಲ್ಲ. ಪಟ್ಟೆ, ತೀರ್ವೆ (ಭೂಕಂದಾಯ) ರಸೀದಿ ಅವನ ಹೆಸರಿನಲ್ಲಿದ್ದರೂ ಆಸ್ತಿ ಕುಟುಂಬದ್ದೇ. ನಿಮ್ಮ ಅಜ್ಜನ ಹೆಸರಿನಲ್ಲಿ ಎಲ್ಲ ಇತ್ತು ಎಂದಿರಲ್ಲ, ಅದರ ಅರ್ಥ ಇಷ್ಟೇ.

ಹಿಂದೆ ಪಾಲು ಕೇಳುವ ಹಕ್ಕೇ ಇರಲಿಲ್ಲ. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು, 1860ರ ದಶಕದಲ್ಲೇ ಮದ್ರಾಸ್ ಹೈಕೋರ್ಟ್ ಒಬ್ಬ ಸದಸ್ಯ ಹಟ ಹಿಡಿದು ಕುಟುಂಬವನ್ನು ಪಾಲು ಮಾಡಿಸುವಂತಿಲ್ಲ ಎಂದಿತ್ತು. ಪ್ರಾಯಕ್ಕೆ ಬಂದವರೆಲ್ಲ ಒಪ್ಪಿದರೆ ಮಾತ್ರ ಪಾಲು. ನೂರು ತಲೆ ಇರುವ ಕುಟುಂಬದಲ್ಲಿ ಎಲ್ಲರೂ ಒಪ್ಪುವುದೆಂದರೆ ಸಾಮಾನ್ಯವಾ! ಅದಕ್ಕೇ ಒಬ್ಬೊಬ್ಬ ಅಜ್ಜಿಯ ಮಕ್ಕಳಿಗೆ ಒಂದೊಂದು ಮನೆ, ಅದಕ್ಕೊಂದಿಷ್ಟು ಗದ್ದೆ ಎಂದು ಅನುಭವಕ್ಕೆ ಮಾತ್ರ ಬಿಟ್ಟುಕೊಡುತ್ತಿದ್ದರು. ಇಂಥ ಹಳೇ ಕರಾರು ಕೈಗೆ ಸಿಕ್ಕಿದರೆ ಗಮನವಿಟ್ಟು ಓದಿ. ಅದು ಶಾಶ್ವತ ಪಾಲಾ, ಬರೀ ಜೀವನಾಂಶದ ಏರ್ಪಾಡಾ ಎಂಬುದರ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆದಿದೆ.

1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು (ಅಳಿಯಸಂತಾನ ಎಂದರೆ ಅಳಿಯಕಟ್ಟೇ). ಆಗ ಒಂದೊಂದು ಕವರಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಮತ್ತೆ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬಂದವರು. ಗಂಡಸು ತನ್ನ ತಾಯಿಯ ಕವರಿನಲ್ಲಿ ಲೆಕ್ಕಕ್ಕೆ ಬರುತ್ತಾನೆ. ನೀವು ಹೇಳುವ 1950ರ ದಶಕದ ಪಾಲು ಈ ಕಾಯ್ದೆಯ ಕೆಳಗೇ ಆಗಿರಬೇಕು, ಆ ಕಾಲದಲ್ಲಿ ಊರೂರಲ್ಲಿ ಕುಟುಂಬಗಳು ಒಡೆದವು.

ಆ ಕಾಯ್ದೆಯಲ್ಲಿ ಒಂದು ಕಠಿಣವಾದ ಅಂಶ ಇತ್ತು. ಕವರಿನಲ್ಲಿ 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ ನಿಸ್ಸಂತತಿ ಕವರಿಗೆ ಸಿಕ್ಕಿದ ಪಾಲು ಜೀವ ಇರುವವರೆಗೆ ಮಾತ್ರ, ಆಮೇಲೆ ಅದು ವಾಪಸು. ಅಂದರೆ ಅಕ್ಕತಂಗಿ ಇಲ್ಲದ ಒಬ್ಬ ಗಂಡಸು ಜೀವಮಾನವಿಡೀ ಅದೇ ಮಣ್ಣಿನಲ್ಲಿ ದುಡಿದರೂ ಅವನ ಹೆಂಡತಿ ಮಕ್ಕಳು ಬರಿಗೈ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಹೆಣ್ಣಿನ ಮನೆ ಬೀದಿಗೆ ಬೀಳದಂತೆ ಕಾಪಾಡಿದ ಕಟ್ಟು ಇದು, ಆ ಮಟ್ಟಿಗೆ ದೊಡ್ಡದು, ಆದರೆ ಗಂಡಸಿನ ಹೆಂಡತಿ ಮಕ್ಕಳ ವಿಷಯದಲ್ಲಿ ಅದಕ್ಕೆ ಕರುಣೆ ಇರಲಿಲ್ಲ. ಅದಕ್ಕೇ ಕೈಯಲ್ಲಿ ಸ್ವಂತ ದುಡ್ಡಿದ್ದವರು ಬದುಕಿರುವಾಗಲೇ ಹೆಂಡತಿ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಡುತ್ತಿದ್ದರು. ಇನ್ನು ಮುಂಬೈಯಿಂದ ತಿಂಗಳು ತಿಂಗಳು ಮನಿಯಾರ್ಡರ್ ಕಳಿಸಿದವರ ಕಥೆ. ಆ ದುಡ್ಡಲ್ಲಿ ಊರಿನಲ್ಲಿ ಯಜಮಾನರ ಹೆಸರಿಗೆ ಗದ್ದೆ ಕೊಂಡಿದ್ದರೆ ಅದು ಕುಟುಂಬದ ಆಸ್ತಿಯಲ್ಲೇ ಸೇರಿಹೋಯಿತು. ಕಳಿಸಿದವನಿಗೆ ಅದರಲ್ಲಿ ಬೇರೆ ಹಕ್ಕು ತೋರಿಸುವುದು ಬಹಳ ಕಷ್ಟ.

ಪಾಲು ಮಾಡುವ ರೀತಿಯಲ್ಲೂ ತುಂಬ ವಿವೇಚನೆ ಇತ್ತು. ಎಕರೆ ಅಳೆದು ಹಂಚಿದರೆ ಸಮ ಆಗುವುದಿಲ್ಲ ಅಲ್ವಾ. ಬೈಲು ಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರು ಬೆಳೆ ಬರಬಹುದು, ಮಜಲಿನಲ್ಲಿ ಎರಡು, ಮಳೆ ನಂಬಿದ ಬೆಟ್ಟು ಗದ್ದೆಯಲ್ಲಿ ಒಂದೇ. ಹಾಗಾಗಿ ಎಷ್ಟು ಮುಡಿ ಅಕ್ಕಿಯ ಉತ್ಪತ್ತಿ, ಎಷ್ಟು ಗೇಣಿ ಬರುತ್ತದೆ ಎಂದು ನೋಡಿ ತೂಗಿಸುತ್ತಿದ್ದರು. ಕೆರೆಯ ನೀರಿಗೆ ಸರದಿ, ಗದ್ದೆಗೆ ಹೋಗುವ ದಾರಿ, ಹಟ್ಟಿ, ಹಲಸು ಮಾವಿನ ಮರ ಎಲ್ಲವನ್ನೂ ಪಟ್ಟಿಯಲ್ಲಿ ಬರೆಯುತ್ತಿದ್ದರು. ವರ್ಗ ಜಾಗದ (ತೀರ್ವೆ ಕಟ್ಟುವ ಪಟ್ಟೆ ಜಮೀನಿನ) ಸುತ್ತ 100 ಗಜದೊಳಗಿನ ಕುಮ್ಕಿ ಸರಕಾರದ್ದಾದರೂ ಸೊಪ್ಪು, ಸೌದೆ ತರುವ ಅನುಕೂಲ ಆಯಾ ವರ್ಗದ ಜೊತೆಗೇ ಹೋಗುತ್ತಿತ್ತು. ದೈವದ ಚಾವಡಿಯನ್ನು ಮಾತ್ರ ಸಾಮಾನ್ಯವಾಗಿ ಪಾಲು ಮಾಡುತ್ತಿರಲಿಲ್ಲ. ನೇಮದ (ದೈವಕ್ಕೆ ನಡೆಸುವ ಉತ್ಸವದ) ಖರ್ಚಿಗೆಂದು ಒಂದು ಗದ್ದೆ ತೆಗೆದಿಟ್ಟು, ಉಸ್ತುವಾರಿ ಯಾರದ್ದು ಎಂದು ಬರೆಯುತ್ತಿದ್ದರು. ನಿಮಗೆ ಈಗಲೂ ಮುಂಬೈಗೆ ನೇಮದ ಕಾಗದ ಬರುತ್ತಿದ್ದರೆ ಅದು ಯಾವ ಕುಟುಂಬದಿಂದ ಬರುತ್ತಿದೆ ನೋಡಿ, ನಿಮ್ಮ ತಂದೆಯ ಕವರಿನ ಸುಳಿವು ಅಲ್ಲೇ ಸಿಗಬಹುದು.

ಈಗ ಕೇಸಿನ ಮಾತು. ನಿಮ್ಮ ಅಜ್ಜ ತೀರಿಕೊಂಡ ದಿನಾಂಕ ಬಹಳ ಮುಖ್ಯ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 17 ಜೂನ್ 1956ರಂದು. ಅದರ ನಂತರ ಅಳಿಯಸಂತಾನದ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಕುಟುಂಬದ ಆಸ್ತಿಯಲ್ಲಿ ಅವನಿಗಿದ್ದ ಹಕ್ಕು ಹೆಂಡತಿ, ಮಕ್ಕಳು, ತಾಯಿಗೆ ಹೋಗುತ್ತದೆ. ಪಾಲಿನಲ್ಲಿ ಅಜ್ಜನಿಗೂ ಏನೋ ಒಂದು ಬಂದಿರಲೇಬೇಕಲ್ಲ? ಅದು ಪೂರ್ಣ ಹಕ್ಕಿನಿಂದ ಬಂತಾ, ಜೀವ ಇರುವವರೆಗೆ ಎಂದು ಬಂತಾ, ಆಮೇಲೆ ಯಾರ ಕೈ ಸೇರಿತು ಎಂದು ನೋಡಿ. ಆದರೆ ಇಷ್ಟು ವರ್ಷ ಸುಮ್ನೆ ಇದ್ದು ಈಗ ಹೋದರೆ ಅವಧಿ ಮೀರಿದೆ ಎಂಬ ತಕರಾರು ಎದುರಿನವರಿಂದ ಖಂಡಿತ ಬರುತ್ತದೆ. ಮೊದಲು ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಎರಡೂ ಕುಟುಂಬಗಳ ಪಾಲುಪಟ್ಟಿಯ ನಕಲು ತೆಗೆಸಿ. ಅದನ್ನು ಅಲ್ಲಿನ ವಕೀಲರಿಗೆ ತೋರಿಸಿ. ಅದಕ್ಕೂ ಮೊದಲು ಸೋದರ ಸಂಬಂಧಿಗಳಿಗೆ ನೋಟಿಸು ಕಳಿಸಬೇಡಿ.

ಪ್ರಶ್ನೆ: ನಮ್ಮದು ವಿಜಯಪುರದ ಕಡೆ. ಹಿಂದಿನ ವಾಟ್ಣಿಯಲ್ಲಿ (ಆಸ್ತಿ ಪಾಲಿನಲ್ಲಿ) ಹಿರಿಯ ಮಗನಿಗೆ ಜಾಸ್ತಿ ಕೊಡೋದು ಕಾನೂನಾಗಿತ್ತು ಅಂತಾರೆ. ನಿಜಾನಾ?
– ಓದುಗರು, ಪುಣೆ

ಉತ್ತರ: ಅಲ್ಲ. ಹಿಂದೂ ಕಾನೂನಿನ ಹಳೆಯ ಆಧಾರಗ್ರಂಥವಾದ ಮಿತಾಕ್ಷರದ ಪ್ರಕಾರ ಅಣ್ಣತಮ್ಮಂದಿರಿಗೆ ಸಮಪಾಲು. ಹಿರಿಯನಿಗೆ ಹೆಚ್ಚು ಕೊಡುವ ಮಾತು ಹಳೆಯ ಸ್ಮೃತಿಗಳಲ್ಲಿದೆ, ಆದರೆ ಅದು ಬಳಕೆ ತಪ್ಪಿದ್ದು ಎಂದು ಮಿತಾಕ್ಷರವೇ ಹೇಳುತ್ತದೆ. ನಿಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ಲಿ ಮಕ್ಕಳು ಬೇರೆಯಾದಾಗ ತಾಯಿಗೂ ಒಬ್ಬ ಮಗನಷ್ಟು ಪಾಲಿತ್ತು. ಕೊಟ್ಟವರು ಎಷ್ಟು ಜನ ಎಂಬುದು ಬೇರೆ ಮಾತು. ಇನ್ನೊಂದು, ಅಪ್ಪ ತನ್ನ ಅಪ್ಪನ ಜೊತೆ ಅಥವಾ ಅಣ್ಣತಮ್ಮಂದಿರ ಜೊತೆ ಕೂಡಿ ಇದ್ದರೆ, ಅಪ್ಪನ ಒಪ್ಪಿಗೆ ಇಲ್ಲದೆ ಮಗ ಪಾಲು ಕೇಳುವಂತಿರಲಿಲ್ಲ. ಗೌಡಕಿ, ಕುಲಕರ್ಣಿ ವತನದ, ಅಂದರೆ ವಂಶಪಾರಂಪರ್ಯದ ಊರ ಹುದ್ದೆಗೆ ಸೇರಿದ ಹೊಲದ ಲೆಕ್ಕವೇ ಬೇರೆ. 1874ರ ವತನ ಕಾಯ್ದೆ ಅದನ್ನು ಮನೆತನದ ಹೊರಗೆ ಹೋಗದಂತೆ ಬಿಗಿ ಮಾಡಿತ್ತು. ಎರೆಯಲ್ಲೂ (ಕಪ್ಪು ಮಣ್ಣು) ಪಾಲು, ಮಸಾರಿಯಲ್ಲೂ (ಕೆಂಪು ಮಣ್ಣು) ಪಾಲು ಎಂದು ಪ್ರತಿ ಹೊಲವನ್ನೂ ಸೀಳಿ ಸೀಳಿ ಕೂರಿಗೆ ತಿರುಗಿಸಲೂ ಜಾಗ ಇಲ್ಲದಂತಾದ ಮೇಲೆ, 1947ರಲ್ಲಿ ಮುಂಬೈ ಸರಕಾರ ತುಂಡು ಜಮೀನು ತಡೆಯುವ ಕಾಯ್ದೆ ತಂದಿತು.

ಪ್ರಶ್ನೆ: ನಮ್ಮ ಅಜ್ಜಿ ಗೇಣಿ ಮಾಡುತ್ತಿದ್ದ ಗದ್ದೆ ದೊಡ್ಡ ಮಾವನ ಹೆಸರಿಗೆ ಡಿಕ್ಲರೇಷನ್ ಆಗಿದೆ. ಅಮ್ಮನಿಗೆ ಪಾಲಿಲ್ಲವೇ?
– ಓದುಗರು, ಮುಲುಂಡ್

ಉತ್ತರ: ಇರಬಹುದು. ಭೂಸುಧಾರಣೆ ಕಾಯ್ದೆಯಡಿ ಗೇಣಿ ಜಮೀನು ಸರಕಾರಕ್ಕೆ ಸೇರಿದ 1 ಮಾರ್ಚ್ 1974ರಂದು ಗೇಣಿ ಯಾರದ್ದಾಗಿತ್ತು ಎಂಬುದೇ ಇಲ್ಲಿ ಮುಖ್ಯ. ಅಜ್ಜಿಯ ಗೇಣಿಯನ್ನೇ ಮಾವ ಮನೆಯವರೆಲ್ಲರ ಪರವಾಗಿ ತೋರಿಸಿ ಅರ್ಜಿ ಹಾಕಿದ್ದರೆ ಅದು ಎಲ್ಲರ ಆಸ್ತಿ ಎಂದು ವಾದಿಸಲು ಅವಕಾಶ ಇದೆ. ಅವರೊಬ್ಬರದ್ದೇ ಸ್ವತಂತ್ರ ಗೇಣಿಯಾಗಿದ್ದರೆ ಕಷ್ಟ. ತಾಲೂಕು ಕಚೇರಿಯಲ್ಲಿ ಭೂನ್ಯಾಯ ಮಂಡಳಿಯ ಕಡತ ಕೇಳಿ, ಫಾರ್ಮ್ 7 (ಗೇಣಿದಾರರು ಹಾಕಿದ ಡಿಕ್ಲರೇಷನ್ ಅರ್ಜಿ), ಮಾವನ ಹೇಳಿಕೆ, ಹಳೇ ಗೇಣಿಚೀಟಿ ಮೂರರ ನಕಲನ್ನೂ ಪಡೆಯಿರಿ.