ಬೋರಿನ ಕೆಂಪು ನೀರಿಗೆ ಗೆರಟೆ ಮಸಿ ಫಿಲ್ಟರ್: ತೂತು ಜಾಸ್ತಿ ಇದ್ದರೆ ಸಾಕಾ?

ಹಿರಿಯಡ್ಕದ ಅಣ್ಣನಿಗೆ ಉತ್ತರ. ಉದ್ದ ಆಗುತ್ತದೆ, ಚಾ ಹಿಡಿದುಕೊಂಡೇ ಓದಿ.

ಮೊದಲು ನೀವು ಬರೆದದ್ದನ್ನು ಒಟ್ಟು ಮಾಡುತ್ತೇನೆ. ಅಡಿಕೆ ತೋಟದ ಬೋರು. ಗಂಟೆಗೆ ಸಾವಿರ ಲೀಟರ್, ದಿನಕ್ಕೆ ಆರು ಗಂಟೆ. ನೀರು ಬರುವಾಗ ಕನ್ನಡಿಯ ಹಾಗೆ, ಬಕೆಟಿನಲ್ಲಿ ಇಟ್ಟರೆ ಬೆಳಿಗ್ಗೆ ಹಂಚಿನ ಬಣ್ಣ. ರಿಪೋರ್ಟಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಕಬ್ಬಿಣ, ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ) 6.1. ನೀವು 200 ಲೀಟರಿನ ಡ್ರಮ್ಮಿಗೆ ಗೆರಟೆ ಮಸಿ (ತೆಂಗಿನ ಚಿಪ್ಪಿನ ಇದ್ದಿಲು) ತುಂಬಿಸಿ, 200 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟಿನ ನೀರಲ್ಲಿ ನೆನೆಸಿ, ಮುಚ್ಚಳ ಬಿಗಿದು, ಪಂಪಿನ ಪೈಪನ್ನು ನೇರ ಅದಕ್ಕೇ ಕೊಟ್ಟಿರಿ. ನಾಲ್ಕೈದು ದಿನ ನೀರು ಚಂದ ಬಂತು. ಆಮೇಲೆ ಪುನಃ ಕೆಂಪು. ಮೂರು ವಾರಕ್ಕೆ ಡ್ರಮ್ಮೇ ಕಟ್ಟಿತು, ಡ್ರಿಪ್ಪಿನ ಸಪೂರ ಪೈಪು, ಅಂದರೆ ಲ್ಯಾಟರಲ್ ಒಳಗೆ ಕಪ್ಪು ಕೆಸರು. ಈಗ ಇನ್ನೂ ಸಣ್ಣ ತೂತಿನ ಆಕ್ಟಿವೇಟೆಡ್ ಕಾರ್ಬನ್ (ಒಳಗೆ ತೂತು ಹೆಚ್ಚಿಸಿದ ಮಸಿ) ತರಲಾ ಎಂದು ಕೇಳಿದ್ದೀರಿ.

ತರಬೇಡಿ ಮಾರಾಯ್ರೆ. ದುಡ್ಡು ದಂಡ.

ನಾನು ತೋಟಕ್ಕೆ ಬರುವ ಮೊದಲು ಕೆಲವು ವರ್ಷ ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದವನು. ತೂತು ತೂತಿನ ಘನವಸ್ತುವಿನ ಮೇಲೆ ಲೋಹದ ಲೇಪ ಕೊಟ್ಟು, ಆಕ್ಸಿಡೇಶನ್ನಿಗೆ (ಆಮ್ಲಜನಕ ಸೇರಿಸುವುದಕ್ಕೆ) ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕೆಲಸ ಬೇಗ ಮಾಡಿಸುವ ವಸ್ತು, ಮಾಡುವುದು. ನೀವು ಡ್ರಮ್ಮಿನಲ್ಲಿ ಮಾಡಿದ್ದೂ ಅದೇ. ಐಡಿಯಾ ಸರಿಯೇ ಇತ್ತು. ಬೋರಿನ ನೀರಲ್ಲಿ ಕರಗಿದ ಕಬ್ಬಿಣಕ್ಕೆ ಆಮ್ಲಜನಕ ಸೇರಿದರೆ ಅದು ತುಕ್ಕಾಗಿ ಗಟ್ಟಿಯಾಗುತ್ತದೆ, ಆಗ ಸೋಸಬಹುದು. ಪರ್ಮಾಂಗನೇಟಿನಿಂದ ಆಗಿ ಮಸಿಯ ಮೇಲೆ ಲೇಪವಾಗಿ ಕೂತ ಮ್ಯಾಂಗನೀಸ್ ಡೈಆಕ್ಸೈಡ್ ಆ ಕೆಲಸವನ್ನು ಬೇಗ ಮಾಡಿಸುತ್ತದೆ.

ಆದರೆ ನಾಲ್ಕೈದು ದಿನ ಮಾತ್ರ ಯಾಕೆ ನಡೆಯಿತು? ಲೆಕ್ಕ ಹಾಕಿ ನೋಡಿ. 200 ಗ್ರಾಂ ಪರ್ಮಾಂಗನೇಟಿನಿಂದ ಹೆಚ್ಚೆಂದರೆ 110 ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್ ಸಿಗುತ್ತದೆ. ನಿಮ್ಮ ನೀರಿನಲ್ಲಿ ದಿನಕ್ಕೆ ಬರುವ ಕಬ್ಬಿಣ 30 ಗ್ರಾಂ. ಗಾಳಿ ಇಲ್ಲದಿದ್ದರೆ ಈ 30 ಗ್ರಾಂ ಕಬ್ಬಿಣ ಲೇಪದಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತದೆ, ಸುಮಾರು 23 ಗ್ರಾಂ ಲೇಪ ಕರಗಿ ಹೋಗುತ್ತದೆ. 110ನ್ನು 23ರಿಂದ ಭಾಗಿಸಿ. ಐದು ದಿನ ಕೂಡ ಪೂರ್ತಿ ಆಗುವುದಿಲ್ಲ!

ನಿಮ್ಮ ಪೈಪು ಬೋರಿನಿಂದ ನೇರ ಮುಚ್ಚಿದ ಡ್ರಮ್ಮಿಗೆ ಹೋಗಿತ್ತು. ಆಳದ ನೀರಲ್ಲಿ ಗಾಳಿ ಇಲ್ಲ, ದಾರಿಯಲ್ಲೂ ಸಿಗಲಿಲ್ಲ. ಹಾಗಾಗಿ ಕ್ಯಾಟಲಿಸ್ಟ್ ಆಗಿ ಉಳಿಯಬೇಕಾದದ್ದು ಮದ್ದಿನ ಹಾಗೆ ಖರ್ಚಾಯಿತು. ಕರಗಿದ ಮ್ಯಾಂಗನೀಸ್ ನೀರಿನ ಜೊತೆ ಹೋಗಿ, ಲ್ಯಾಟರಲ್ ಒಳಗೆ ಬ್ಯಾಕ್ಟೀರಿಯಾದ ಸಹವಾಸದಲ್ಲಿ ಪುನಃ ಕಪ್ಪಾಗಿ ಕೂತಿತು. ನಿಮ್ಮ ಕಪ್ಪು ಕೆಸರು ಬಹುಶಃ ಅದೇ. ಅಂದರೆ ಡ್ರಮ್ಮಿನ ಲೇಪ ಈಗ ತೋಟದಲ್ಲಿದೆ.

ನೀರಲ್ಲಿ ಗಾಳಿ ಇದ್ದರೆ ಕಥೆಯೇ ಬೇರೆ. ಲೇಪ ಕಬ್ಬಿಣಕ್ಕೆ ಆಮ್ಲಜನಕ ಕೊಡುತ್ತದೆ, ಗಾಳಿಯಿಂದ ತಾನು ವಾಪಸ್ ತುಂಬಿಕೊಳ್ಳುತ್ತದೆ. ಬೇಕಾಗುವುದು ತೀರಾ ಕಮ್ಮಿ. 1 ಮಿಲಿಗ್ರಾಂ ಕಬ್ಬಿಣಕ್ಕೆ 0.14 ಮಿಲಿಗ್ರಾಂ ಆಮ್ಲಜನಕ. ನಿಮ್ಮ ನೀರಿಗೆ ಲೀಟರಿಗೆ 0.7. ಗಾಳಿ ಚೆನ್ನಾಗಿ ಕಂಡ ನೀರಲ್ಲಿ ನಮ್ಮ ಸೆಕೆಗೂ ಲೀಟರಿಗೆ 7-8 ಮಿಲಿಗ್ರಾಂ ಇರುತ್ತದೆ. ಪುಕ್ಕಟೆ ಸಿಗುವ ಸಾಮಾನು ಬಿಟ್ಟು ಮಸಿಗೆ ದುಡ್ಡು ಹಾಕಿದ ಹಾಗಾಯಿತು.

ಈಗ ತೂತಿನ ವಿಷಯ. ಗೆರಟೆಯ ಒಳ್ಳೆ ಆಕ್ಟಿವೇಟೆಡ್ ಕಾರ್ಬನ್ ಒಂದು ಗ್ರಾಮಿನ ಒಳಮೈ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್. ನಮ್ಮ ಭಾಷೆಯಲ್ಲಿ 25 ಸೆಂಟ್ಸ್ ಜಾಗ. ಕೇಳಲಿಕ್ಕೆ ಚಂದ. ಆದರೆ ಅದರಲ್ಲಿ ಬಹುಪಾಲು 2 ನ್ಯಾನೋಮೀಟರಿಗಿಂತ ಸಣ್ಣ ತೂತುಗಳ ಒಳಗಿದೆ. ಕರಗಿದ ಕಬ್ಬಿಣ ಒಳಗೆ ಹೋದೀತು. ಅಲ್ಲಿ ಅದು ತುಕ್ಕಿನ ಲೋಳೆಯಾದ ಮೇಲೆ ಹೊರಗೆ ಬರುವುದು ಹೇಗೆ? ಬಾಯಿಯೇ ಮುಚ್ಚುತ್ತದೆ. 25 ಸೆಂಟ್ಸ್ ಜಾಗಕ್ಕೆ ದಾರಿಯೇ ಇಲ್ಲದ ಹಾಗೆ.

ಉಡುಪಿ ಮಠದ ಊಟ ನೆನಪು ಮಾಡಿ. ಗಂಟೆಗೆ ಎಷ್ಟು ಜನ ಉಣ್ಣುತ್ತಾರೆ ಎನ್ನುವುದು ಎಷ್ಟು ಎಲೆ ಹಾಕಿದ್ದಾರೆ ಎನ್ನುವುದರ ಮೇಲೆ ಮಾತ್ರ ಇಲ್ಲ. ಬಾಗಿಲು ಎಷ್ಟು ಅಗಲ, ಉಂಡವರು ಎಷ್ಟು ಬೇಗ ಏಳುತ್ತಾರೆ, ಎಂಜಲೆಲೆ ಎಷ್ಟು ಬೇಗ ತೆಗೆಯುತ್ತಾರೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ನೀವು ಎಲೆ ಮಾತ್ರ ಎಣಿಸಿದ್ದೀರಿ.

ಸಣ್ಣ ತೂತೇ ಬೇಕಾದ ಕಡೆಯೂ ಉಂಟು, ಇಲ್ಲ ಅಂತಲ್ಲ. 1983ರಲ್ಲಿ ಪೇಟೆಂಟ್ ಆದ ಟಿಎಸ್-1 ಎಂಬ ಟೈಟಾನಿಯಂ ಇರುವ ಸಿಲಿಕಾ ಇದೆ. ಅದರ ತೂತು ಸುಮಾರು ಅರ್ಧ ನ್ಯಾನೋಮೀಟರ್. ಫಿನಾಲ್‌ನಂತಹ ಸಣ್ಣ ಅಣು ಒಳಗೆ ಹೋಗಿ ಹೈಡ್ರೋಜನ್ ಪೆರಾಕ್ಸೈಡಿನ ಜೊತೆ ಆಕ್ಸಿಡೈಸ್ ಆಗಿ ಹೊರಬರುತ್ತದೆ. ದೊಡ್ಡ ಗಾತ್ರದ ಅಣುಗಳಿಗೆ ಪ್ರವೇಶವೇ ಇಲ್ಲ. ಅವುಗಳಿಗೆ 1992ರ ಎಂಸಿಎಂ-41 ತರದ ಅಗಲ ತೂತಿನ ಸಿಲಿಕಾ ಬಂತು. ಅಲ್ಲೆಲ್ಲ ಆದ ಪದಾರ್ಥ ದ್ರವ ಅಥವಾ ಅನಿಲವಾಗಿ ಹೊರಟುಹೋಗುತ್ತದೆ. ನಮ್ಮದು ಗಟ್ಟಿಯಾಗಿ ಅಲ್ಲೇ ಕೂರುತ್ತದೆ.

ಇನ್ನೊಂದು, ಕೆಲಸ ಬೇಗ ನಡೆಯುವ ಕಡೆ ಕ್ಯಾಟಲಿಸ್ಟ್ ಕಾಳಿನ ಒಳಭಾಗ ಹೇಗೂ ದಂಡ. ಕಬ್ಬಿಣ ಹೊರಮೈ ದಾಟುವ ಮೊದಲೇ ಮುಗಿದಿರುತ್ತದೆ. ಥೀಲೆ ಎಂಬ ಎಂಜಿನಿಯರ್ 1939ರಲ್ಲೇ ಇದಕ್ಕೆ ಲೆಕ್ಕ ಕಟ್ಟಿದ್ದಾರೆ. ಹಾಗಂತ ಕಾಳನ್ನು ಪುಡಿ ಮಾಡಿದರೆ ನೀರೇ ಇಳಿಯುವುದಿಲ್ಲ. ಸಲ್ಫ್ಯೂರಿಕ್ ಆಸಿಡ್ ಕಾರ್ಖಾನೆಯ ವೆನೇಡಿಯಂ ಕ್ಯಾಟಲಿಸ್ಟ್ ನೋಡಿದ್ದೀರಾ? ಪುಟ್ಟ ಕೋಡುಬಳೆಯ ಹಾಗೆ ನಡುವೆ ತೂತು. ಹೊರಮೈ ಜಾಸ್ತಿ ಸಿಗಬೇಕು, ಅನಿಲಕ್ಕೂ ದಾರಿ ಇರಬೇಕು, ಅದಕ್ಕೆ.

ಹಾಗಾದರೆ ನಾನಾದರೆ ಏನು ಮಾಡುತ್ತೇನೆ?

ನೀರನ್ನು ಮೊದಲು ಗಾಳಿಗೆ ಬಿಡುತ್ತೇನೆ. ಪೈಪಿನ ತುದಿಗೆ ತೂತಿನ ಕ್ಯಾಪ್ ಹಾಕಿ, ಒಂದಾಳು ಎತ್ತರದಿಂದ ಮಳೆಯ ಹಾಗೆ ತೆರೆದ ಟ್ಯಾಂಕಿಗೆ ಬೀಳಿಸಿ. ಆಮ್ಲಜನಕ ಸೇರುತ್ತದೆ, ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಕೂಡ ಸ್ವಲ್ಪ ಏರುತ್ತದೆ. ಪಿಎಚ್ ಬಹಳ ಮುಖ್ಯ. ಬರೀ ಗಾಳಿಯಲ್ಲಿ ಕಬ್ಬಿಣ ತುಕ್ಕಾಗುವ ವೇಗ ಪಿಎಚ್ ಒಂದು ಅಂಕಿ ಏರಿದರೆ ಸುಮಾರು ನೂರು ಪಟ್ಟು ಹೆಚ್ಚುತ್ತದೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದ ನೀರು ಹುಳಿ ಕಡೆಗೇ ಇರುವುದು. ಹುಳಿ ಕಮ್ಮಿ ಮಾಡಲಿಕ್ಕೆ ಟ್ಯಾಂಕಿನಲ್ಲಿ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪಿನ ಚೂರನ್ನು ಒಂದು ಗೇಣು ಹಾಸಿ, ನೀರು ಅದರ ಮೂಲಕ ಹೋಗಲಿ. ಚಿಪ್ಪಿಗೂ ತುಕ್ಕು ಮೆತ್ತುತ್ತದೆ, ವಾರಕ್ಕೊಮ್ಮೆ ಕೋಲಲ್ಲಿ ಕದಡಿ. ಪಿಎಚ್ 7ರ ಹತ್ತಿರ ಬಂದರೆ ಸಾಕು.

ಆಮೇಲೆ ಡ್ರಮ್ಮು. ಮಸಿ ತೆಗೆದು, 1 ಮಿಲಿಮೀಟರ್ ಆಸುಪಾಸಿನ ತೊಳೆದ ಹೊಯ್ಗೆ (ಮರಳು) ಎರಡಡಿ ತುಂಬಿಸಿ, ಅಡಿಯಲ್ಲಿ ಜಲ್ಲಿ. ಮುರಕಲ್ಲಿನ ಕೋರೆಯ ಗಟ್ಟಿ ಚೂರನ್ನು ಜಜ್ಜಿ ಜರಡಿ ಹಿಡಿದರೂ ಆಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣುವ ದೊಡ್ಡ ತೂತು, ಮೈಯೆಲ್ಲ ಕಬ್ಬಿಣದ ಆಕ್ಸೈಡ್. ಬಿಳಿ ಶೇಡಿ (ಜೇಡಿಮಣ್ಣು) ಇರುವ ತುಂಡು ಮಾತ್ರ ಬೇಡ, ಕರಗಿ ಕೆಸರಾಗುತ್ತದೆ.

ಲೇಪ ಬೇಡವಾ ಎಂದು ಕೇಳುತ್ತೀರಿ. ಬರೀ ಕಬ್ಬಿಣಕ್ಕಾದರೆ ನನ್ನ ಪ್ರಕಾರ ಬೇಡ. ಹೊಯ್ಗೆಯ ಮೇಲೆ ಕೂರುವ ತುಕ್ಕೇ ಮುಂದಿನ ಕಬ್ಬಿಣಕ್ಕೆ ಕ್ಯಾಟಲಿಸ್ಟ್. ಎರಡು ಮೂರು ವಾರ ಕಳೆದ ಹಾಗೆ ಫಿಲ್ಟರ್ ಚುರುಕಾಗುತ್ತದೆ. ಅದಕ್ಕೇ ತೊಳೆಯುವಾಗ ಹೊಯ್ಗೆಯನ್ನು ಬೆಳ್ಳಗೆ ಮಾಡಲು ಹೋಗಬೇಡಿ.

ರಿಪೋರ್ಟಿನಲ್ಲಿ ಮ್ಯಾಂಗನೀಸ್ ಕೂಡ ಇದ್ದರೆ ಲೇಪ ಬೇಕು, ಪಿಎಚ್ ಕೂಡ 7.5ರ ಹತ್ತಿರ ಬೇಕು. ಹೊಯ್ಗೆಗೆ ಪರ್ಮಾಂಗನೇಟ್ ಒಂದೇ ಹಿಡಿಯುವುದಿಲ್ಲ. ಗೊಬ್ಬರದ ಅಂಗಡಿಯ ಮ್ಯಾಂಗನೀಸ್ ಸಲ್ಫೇಟಿನ ನೀರಲ್ಲಿ ನೆನೆಸಿ, ಬಸಿದು, ಮತ್ತೆ ಪರ್ಮಾಂಗನೇಟ್ ನೀರು ಹಾಕಬೇಕು. ಲೀಟರಿಗೆ 5 ಗ್ರಾಂ ಸಾಕು, ರಾತ್ರಿಯಿಡೀ ಬಿಡಿ, ಎರಡು ಮೂರು ಸಲ ಮಾಡಿ. ನಾನು ಮೊದಲ ಸಲ ಅವಸರದಲ್ಲಿ ದಪ್ಪ ದ್ರಾವಣ ಹಾಕಿದ್ದೆ. ಕಡು ಕಂದು ಬಣ್ಣ ಬಂತು, ಖುಷಿಯಾಯಿತು. ಪಂಪು ಹಾಕಿದ ಅರ್ಧ ಗಂಟೆಯಲ್ಲಿ ಆ ಬಣ್ಣವೆಲ್ಲ ಸಿಪ್ಪೆ ಎದ್ದು ತೋಡಿಗೆ ಹೋಯಿತು. ಪರ್ಮಾಂಗನೇಟಿನ ಒಣಪುಡಿಯನ್ನು ಮಸಿ, ಎಣ್ಣೆ, ಸಕ್ಕರೆಯ ಹತ್ತಿರ ತರಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಕೈಗೆ ಗ್ಲೌಸ್ ಹಾಕಿ.

ತೊಳೆಯುವುದನ್ನು ಮೊದಲೇ ಯೋಚಿಸಿ. ದಿನಕ್ಕೆ 30 ಗ್ರಾಂ ಕಬ್ಬಿಣ ಅಂದರೆ ಒಣಗಿದ ಲೆಕ್ಕದಲ್ಲೇ 57 ಗ್ರಾಂ ತುಕ್ಕು, ಮೂರು ವಾರಕ್ಕೆ ಒಂದು ಕಿಲೋ ದಾಟುತ್ತದೆ. ಹಸಿ ಲೋಳೆ ಅದರ ಎಷ್ಟೋ ಪಟ್ಟು. ನಿಮ್ಮ ಡ್ರಮ್ಮು ಕಟ್ಟಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಕೆಳಗಿನಿಂದ ಮೇಲಕ್ಕೆ ನೀರು ಬಿಡುವ ವಾಲ್ವ್ ಇಡಿ. ಹೊಯ್ಗೆ ಎದ್ದು ಕುಣಿಯಬೇಕಾದರೆ ಈ ಅಗಲದ ಡ್ರಮ್ಮಿಗೆ ನಿಮಿಷಕ್ಕೆ 150 ಲೀಟರ್ ಹತ್ತಿರ ಬೇಕು. ಬೋರಿನ ಪಂಪಿಗೆ ಆಗದು, ಟ್ಯಾಂಕಿನಿಂದ ಬೇರೆ ಪಂಪು. ಎರಡು ದಿನಕ್ಕೊಮ್ಮೆ ಐದು ನಿಮಿಷ, ನೀರು ತಿಳಿಯಾಗುವವರೆಗೆ. ಮಸಿಯನ್ನು ಹೀಗೆ ತೊಳೆದರೆ ಅದು ತೇಲಿ ಹೊರಗೇ ಹೋಗುತ್ತದೆ, ಅದಕ್ಕೂ ಬೇಡ ಅಂದೆ.

ಇದಕ್ಕೆಲ್ಲ ಖರ್ಚು ಮಾಡುವ ಮೊದಲು ನಾಲ್ಕು ಬಾಟಲಿ ಪರೀಕ್ಷೆ ಮಾಡಿ. ಬೋರಿನ ಬಾಯಲ್ಲೇ ತುಂಬಿಸಿ. ಒಂದು ಕಂಠದವರೆಗೆ ತುಂಬಿ ಮುಚ್ಚಿದ್ದು. ಎರಡನೇದು ಅರ್ಧ ತುಂಬಿ ಚೆನ್ನಾಗಿ ಕುಲುಕಿದ್ದು. ಮೂರನೇದು ಕುಲುಕಿ, ಎರಡು ಚಮಚ ಮುರಕಲ್ಲಿನ ಚೂರು ಹಾಕಿದ್ದು. ನಾಲ್ಕನೇದು ಕುಲುಕಿ ಚಿಟಿಕೆ ಚಿಪ್ಪುಸುಣ್ಣ ಹಾಕಿದ್ದು. ಯಾವುದು ಎಷ್ಟು ನಿಮಿಷಕ್ಕೆ ಕೆಂಪಾಗುತ್ತದೆ ಬರೆದಿಡಿ. ಮೂರನೇದರಲ್ಲಿ ಬಣ್ಣ ಕಲ್ಲಿಗೇ ಹಿಡಿಯಬಹುದು, ಹಾಗಾಗಿ ಅರ್ಧ ಗಂಟೆ ಬಿಟ್ಟು ಅದರ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಇನ್ನೊಂದು ಬಾಟಲಿಯಲ್ಲಿ ಬೆಳಿಗ್ಗೆವರೆಗೆ ಇಡಿ. ಪುನಃ ಕೆಂಪಾದರೆ ಕಬ್ಬಿಣ ಇನ್ನೂ ಕರಗಿಯೇ ಇತ್ತು ಅಂತ ಅರ್ಥ.

ಇನ್ನೊಬ್ಬರು ಕುಡಿಯಲಿಕ್ಕೂ ಇದೇ ಡ್ರಮ್ಮು ಸಾಕಾ ಎಂದು ಕೇಳಿದ್ದಾರೆ. ಸೋಸಿದ ನೀರನ್ನು ಕಬ್ಬಿಣ, ಮ್ಯಾಂಗನೀಸ್ ಎರಡಕ್ಕೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಡ್ರಿಪ್ಪಿಗೂ ಲೀಟರಿಗೆ 1.5 ಮಿಲಿಗ್ರಾಂ ಕಬ್ಬಿಣ ದಾಟಿದರೆ ಕಟ್ಟುವುದು ಗ್ಯಾರಂಟಿ, 0.1ರ ಕೆಳಗಿದ್ದರೆ ತಲೆಬಿಸಿ ಇಲ್ಲ.

ಅಣ್ಣಾ, ಬಾಟಲಿಗಳ ಫೋಟೋ ಹಾಕಿ, ಪಕ್ಕದಲ್ಲಿ ಟೈಮ್ ಬರೆದು. ಚಿಪ್ಪು ಎಷ್ಟು ಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.