ಹೆಡರ್ ತರಿಸುವ ಮುಂಚೆ ವಾಷರ್ ನೋಡಿ

ಪ್ರಶ್ನೆ: ನನ್ನ ಹತ್ತಿರ 1967ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. ಮೂಲ ಎಂಜಿನ್, 1798 ಸಿಸಿ, ಎರಡು ಎಸ್‌ಯು ಕಾರ್ಬ್ಯುರೇಟರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಅಂತ ಸದ್ದು, ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸೇರಿಸುವ ಭಾಗ) ಬಿರುಕು ಬಿಟ್ಟಿದೆ, ಅದರ ಬದಲು ಪೈಪುಗಳಿಂದ ಮಾಡಿದ ಹೆಡರ್ ಹಾಕಿಸಿಬಿಡಿ ಅಂತಾರೆ ಮೆಕ್ಯಾನಿಕ್. ಇಂಗ್ಲೆಂಡಿನಿಂದ ತರಿಸಬೇಕು. ಮೈಲ್ಡ್ ಸ್ಟೀಲಾ, ಸ್ಟೇನ್‌ಲೆಸ್ಸಾ? ಪವರ್ ಜಾಸ್ತಿ ಆಗುತ್ತದಾ?
- ಓದುಗರು, ಜಯನಗರ

ಉತ್ತರ: ಸ್ವಲ್ಪ ತಡೀರಿ. ಬಿರುಕನ್ನು ಕಣ್ಣಾರೆ ನೋಡಿದಿರಾ? ಈ ಟಿಕ್ ಟಿಕ್ ಬಿರುಕಿನಿಂದಲೂ ಬರುತ್ತದೆ, ಜಾಯಿಂಟಿನ ನಡುವಿನ ಗ್ಯಾಸ್ಕೆಟ್ ಸೋರಿದರೂ ಬರುತ್ತದೆ. ಎರಡೂ ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆ. ಎಂಜಿನ್ ಆಫ್ ಇರುವಾಗ ವ್ಯಾಕ್ಯೂಮ್ ಕ್ಲೀನರನ್ನು ಊದುವ ಕಡೆಗೆ ತಿರುಗಿಸಿ ಸೈಲೆನ್ಸರ್ ಬಾಯಿಗೆ ಹಿಡಿಯಿರಿ, ಜಾಯಿಂಟಿಗೆಲ್ಲ ಸೋಪಿನ ನೀರು ಬಳಿಯಿರಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಕಳ್ಳ. ಎಂಜಿನ್ ಓಡಿಸಿಕೊಂಡು ಊದುಬತ್ತಿ ಹಿಡಿದು ಹೊಗೆ ನೋಡಿ ಅನ್ನುವವರೂ ಇದ್ದಾರೆ. ಮ್ಯಾನಿಫೋಲ್ಡ್ ಮೇಲೆಯೇ ಪೆಟ್ರೋಲ್ ತುಂಬಿದ ಎರಡು ಕಾರ್ಬ್ಯುರೇಟರ್ ಇದೆ, ಆ ಸಾಹಸ ಬೇಡ.

ನಿಜವಾಗಿ ಬಿರುಕೇ ಆಗಿದ್ದರೂ ನನ್ನ ಮೊದಲ ಆಯ್ಕೆ ಹೆಡರ್ ಅಲ್ಲ. ಹಳೇ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್ ಸಿಕ್ಕಿದರೆ ಅದು, ಇಲ್ಲದಿದ್ದರೆ ಇರುವುದನ್ನೇ ಬೆಸೆಸುವುದು. ಬೀಡು ಬೆಸೆಯುವುದು ಗೇಟಿಗೆ ವೆಲ್ಡ್ ಮಾಡಿದ ಹಾಗಲ್ಲ. ಇಡೀ ತುಂಡನ್ನು ಮೊದಲು ಚೆನ್ನಾಗಿ ಕಾಯಿಸಿ, ನಿಕಲ್ ರಾಡಿನಲ್ಲಿ ಬೆಸೆದು, ಬೂದಿಯಲ್ಲಿ ಹೂತಿಟ್ಟು ನಿಧಾನಕ್ಕೆ ಆರಲು ಬಿಡಬೇಕು, ಆಮೇಲೆ ಮುಖವನ್ನು ಮತ್ತೆ ಮಟ್ಟ ಮಾಡಿಸಬೇಕು. ಇದನ್ನು ಬಲ್ಲವರು ಪೀಣ್ಯದ ಕಡೆ ಇನ್ನೂ ಇದ್ದಾರೆ.

ಪವರ್ ವಿಷಯಕ್ಕೆ ಬರೋಣ. ನಿಮ್ಮ ಎಂಜಿನ್ನಿಗೆ ಸಿಲಿಂಡರ್ ನಾಲ್ಕು, ಎಕ್ಸಾಸ್ಟ್ ಬಾಯಿ ಮೂರೇ. 2 ಮತ್ತು 3ನೇ ಸಿಲಿಂಡರುಗಳು ನಡುವಿನ ಒಂದೇ ಬಾಯಿಯಿಂದ ಹೊಗೆ ಬಿಡುತ್ತವೆ. ಉರಿಯುವ ಸರದಿ 1-3-4-2. ಲೆಕ್ಕ ಹಾಕಿ ನೋಡಿ, 2ಕ್ಕೂ 3ಕ್ಕೂ ಮಧ್ಯೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತಿನ ಅಂತರವಿದೆ. ಹಾಗಾಗಿ ಬಾಯಿ ಒಂದೇ ಆದರೂ ಇಬ್ಬರೂ ಒಟ್ಟಿಗೆ ನುಗ್ಗುವುದಿಲ್ಲ. 1ಕ್ಕೂ 4ಕ್ಕೂ ಅಷ್ಟೇ ಅಂತರ. ಅದಕ್ಕೇ ಈ ಕಾರಿನ ಒಳ್ಳೇ ಹೆಡರುಗಳಲ್ಲಿ ತುದಿಯ ಎರಡು ಪೈಪು ಮೊದಲು ಸೇರುತ್ತವೆ, ನಡುವಿನದು ಉದ್ದಕ್ಕೆ ಒಂಟಿಯಾಗಿ ಬಂದು ಕೆಳಗೆ ಕೂಡಿಕೊಳ್ಳುತ್ತದೆ. ಲಾಂಗ್ ಸೆಂಟರ್ ಬ್ರಾಂಚ್ ಅನ್ನುವುದು ಇದಕ್ಕೇ. ಯಾರಾದರೂ ನಾಲ್ಕು ಪೈಪಿನ ಹೆಡರ್ ತೋರಿಸಿದರೆ ದುಡ್ಡು ತೆಗೆಯಬೇಡಿ, ಅದು ನಿಮ್ಮ ಸಿಲಿಂಡರ್ ಹೆಡ್ಡಿಗೆ ಕೂರುವುದೇ ಇಲ್ಲ.

ವಾಲ್ವ್ ತೆರೆಯುವ ಕ್ಯಾಮ್ ಬದಲಿಸಿ, ಹೆಡ್ ಕೆಲಸ ಮಾಡಿಸಿ, ಪೆಟ್ರೋಲ್ ಅಳೆದು ಬಿಡುವ ಎಸ್‌ಯು ಸೂಜಿಯನ್ನೂ ಅದಕ್ಕೆ ಹೊಂದಿಸಿದರೆ ಹೆಡರಿಂದ ಪ್ರಯೋಜನ ಉಂಟು. ಮೂಲ ಎಂಜಿನ್ನಿಗೆ ಸುಮ್ನೆ ಹೆಡರ್ ಒಂದನ್ನೇ ಹಾಕಿದರೆ ಸೀಟಿನಲ್ಲಿ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯೇ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ತೆಳು, ಆ ನಷ್ಟವನ್ನು ಯಾವ ಪೈಪೂ ತುಂಬಿಕೊಡುವುದಿಲ್ಲ.

ಆದರೂ ಹೆಡರೇ ಬೇಕು ಅಂದರೆ ಲೋಹದ ಪ್ರಶ್ನೆ ಆಮೇಲೆ, ಫ್ಲ್ಯಾಂಜಿನ (ಎಂಜಿನ್ನಿಗೆ ಒತ್ತಿ ಕೂರುವ ಚಪ್ಪಟೆ ಅಂಚಿನ) ದಪ್ಪ ಮೊದಲು. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಈ ಎಂಜಿನ್ನಿನಲ್ಲಿ ಇನ್‌ಲೆಟ್ (ಗಾಳಿ, ಪೆಟ್ರೋಲ್ ಒಳಗೆ ಹೋಗುವ ಮ್ಯಾನಿಫೋಲ್ಡ್), ಎಕ್ಸಾಸ್ಟ್ ಎರಡೂ ಒಂದೇ ಬದಿಗಿವೆ. ಗ್ಯಾಸ್ಕೆಟ್ ಒಂದೇ, ನಡುವಿನ ಸ್ಟಡ್ಡುಗಳೂ (ನಟ್ ಹಾಕುವ ಮರೆಯ ಕಡ್ಡಿಗಳೂ) ಇಬ್ಬರಿಗೂ ಸೇರಿದ್ದು. ಒಂದು ದಪ್ಪ ವಾಷರ್ ಅರ್ಧ ಇನ್‌ಲೆಟ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ ಕೂತು ಎರಡನ್ನೂ ಒತ್ತಿ ಹಿಡಿಯಬೇಕು. ನಾನು ಅಗ್ಗಕ್ಕೆ ಸಿಕ್ಕಿತು ಅಂತ ತಂದ ಹೆಡರಿನ ಫ್ಲ್ಯಾಂಜ್ ಇನ್‌ಲೆಟ್‌ಗಿಂತ ಒಂದೂವರೆ ಮಿ.ಮೀ. ತೆಳ್ಳಗಿತ್ತು. ವಾಷರ್ ಒಂದು ಕಡೆಗೆ ವಾಲಿ ಕೂತಿತು, ಎಷ್ಟು ಬಿಗಿ ಮಾಡಿದರೂ ಒತ್ತಡವೆಲ್ಲ ಇನ್‌ಲೆಟ್ ಮೇಲೇ. ಎರಡು ಗ್ಯಾಸ್ಕೆಟ್ ಹಾಳಾದ ಮೇಲೆ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ನಡುವಿನ ಬಾಯಿಯ ಕೆಳಗೆ ಬೀಸಣಿಗೆ ಬಿಚ್ಚಿದ ಹಾಗೆ ಮಸಿ ಹರಡಿತ್ತು. ಕೊನೆಗೆ ಫ್ಲ್ಯಾಂಜ್ ಮುಖವನ್ನು ಗ್ರೈಂಡ್ ಮಾಡಿಸಿ, ಲೇತಿನಲ್ಲಿ ಮೆಟ್ಟಿಲು ಇರುವ ವಾಷರ್ ಮಾಡಿಸಿ ಹಾಕಿದೆ. ಅವತ್ತಿಗೆ ಟಿಕ್ ಟಿಕ್ ನಿಂತಿತು. ಹಾಗಾಗಿ ಆರ್ಡರ್ ಮಾಡುವ ಮುಂಚೆ ವರ್ನಿಯರ್ ಹಿಡಿದು ನಿಮ್ಮ ಇನ್‌ಲೆಟ್ ಫ್ಲ್ಯಾಂಜ್ ಅಳೆಯಿರಿ, ಮಾರುವವರಿಗೂ ಅವರ ಫ್ಲ್ಯಾಂಜ್ ಅಳತೆ ಕಳಿಸಲು ಹೇಳಿ. ಕಳಿಸದಿದ್ದರೆ ಅವರನ್ನು ಬಿಡಿ. ನಟ್ ಹಿತ್ತಾಳೆಯದೇ ಇರಲಿ, ಮುಂದೆ ಬಿಚ್ಚುವಾಗ ಸ್ಟಡ್ ಮುರಿಯುವ ಭಯ ಕಡಿಮೆ.

ಲೋಹಕ್ಕೆ ಬಂದರೆ, ಒಳಗೂ ಹೊರಗೂ ಸೆರಾಮಿಕ್ ಕೋಟಿಂಗ್ ಇರುವ ಮೈಲ್ಡ್ ಸ್ಟೀಲ್ ನನ್ನ ಓಟು. 304 ಸ್ಟೇನ್‌ಲೆಸ್ ತುಕ್ಕು ಹಿಡಿಯದು, ನಿಜ. ಆದರೆ ಬಿಸಿಗೆ ಮೈಲ್ಡ್ ಸ್ಟೀಲಿಗಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು ಹಿಗ್ಗುತ್ತದೆ, ಜಾಯಿಂಟುಗಳನ್ನು ಎಳೆಯುತ್ತದೆ. ಕೋಟಿಂಗ್ ಬೇಕಾಗಿರುವುದು ಚಂದಕ್ಕಲ್ಲ. ತೆಳು ಪೈಪು ಬೀಡಿಗಿಂತ ಜಾಸ್ತಿ ಶಾಖ ಉಗುಳುತ್ತದೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ ನಿಂತರೆ ಮೇಲಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಕುದಿಯುತ್ತದೆ. ಕಾರ್ಬ್ಯುರೇಟರಿಗೆ ಶಾಖ ತಾಗದಂತೆ ತಡೆಯುವ ಹೀಟ್ ಶೀಲ್ಡ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ.

ಒಂದು ಸಮಾಧಾನ ಇದೆ. ನಮ್ಮದು ಬಲಗಡೆ ಸ್ಟೀರಿಂಗ್, ಮ್ಯಾನಿಫೋಲ್ಡ್ ಎಡಗಡೆ. ಎಡಗಡೆ ಸ್ಟೀರಿಂಗ್ ಇರುವವರಿಗೆ ಪೈಪು ಸ್ಟೀರಿಂಗ್ ಕಾಲಮ್ಮಿಗೆ ತಗಲುವ ತಲೆನೋವು, ನಿಮಗಿಲ್ಲ. ಕಳಚಿದ ಬೀಡನ್ನು ಗುಜರಿಗೆ ಹಾಕಬೇಡಿ. 50 ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಅಂತ ನೋಂದಾಯಿಸುವಾಗ ಕಾರು ಮೂಲ ರೂಪದಲ್ಲಿದೆಯೇ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಹೆಡರಿಗೆ ಬಟ್ಟೆಪಟ್ಟಿಯಂಥ ಹೀಟ್ ರ‍್ಯಾಪ್ ಸುತ್ತಿದರೆ ಕೋಟಿಂಗ್ ಖರ್ಚು ಉಳಿಯುತ್ತದೆ ಅಲ್ವಾ?
- ಓದುಗರು, ರಾಜಾಜಿನಗರ

ಉತ್ತರ: ಉಳಿಯುತ್ತದೆ, ಹೆಡರ್ ಉಳಿಯುವುದಿಲ್ಲ. ಮಳೆಯಲ್ಲಿ ನೆನೆದ ಪಟ್ಟಿ ಒಳಗೇ ತೇವ ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ ಭಾನುವಾರ ಮಾತ್ರ ಹೊರಗೆ ಬರುವ ಕಾರಲ್ಲವೇ, ಉಳಿದ ಆರು ದಿನ ತುಕ್ಕಿಗೆ ಹಬ್ಬ.

ಪ್ರಶ್ನೆ: ಅಪ್ಪನ ಪ್ರೀಮಿಯರ್ ಪದ್ಮಿನಿಗೂ ಹೆಡರ್ ಹಾಕಿಸಿ ಸ್ಪೋರ್ಟ್ಸ್ ಕಾರಿನ ಸೌಂಡ್ ಬರಿಸಬಹುದಾ?
- ಓದುಗರು, ಮಲ್ಲೇಶ್ವರ

ಉತ್ತರ: ಸೌಂಡನ್ನು ತೀರ್ಮಾನಿಸುವುದು ಹೆಚ್ಚಾಗಿ ಸೈಲೆನ್ಸರ್. ಅದನ್ನು ಬಿಚ್ಚಿಸಿದರೆ ಪೊಲೀಸರು ಕಾಯುತ್ತಿರುತ್ತಾರೆ, ನಮ್ಮ ರಾಜ್ಯದಲ್ಲೇ ಹಿಡಿದ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹತ್ತಿಸಿದ್ದಾರೆ. 1089 ಸಿಸಿಯ ಪದ್ಮಿನಿಗೆ ಅದು ಬೇಕಾ? ಅದರ ಬದಲು ಕಾರಿನ ಕೆಳಗೆ ಬಗ್ಗಿ ಸೈಲೆನ್ಸರ್ ತೂಗುವ ರಬ್ಬರ್ ನೋಡಿ. ಹರಿದಿದ್ದರೆ ಇಡೀ ಪೈಪಿನ ಭಾರ ಮ್ಯಾನಿಫೋಲ್ಡ್ ಮೇಲೆ ಜೋತುಬಿದ್ದಿರುತ್ತದೆ. ಬಿಡಿಭಾಗಕ್ಕೆ ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ರಬ್ಬರನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ.